ಚಿನ್ನದ ಬಣ್ಣದ ಗರಗಸ

ಭಾನುವಾರ, ಫೆಬ್ರವರಿ ೧೬

ಮೊಳೆರಾಯನಿಗೆ ಅಕ್ಕನ ಆಶೀರ್ವಾದಗಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನೂ ನಿನ್ನ ಹೆಂಡತಿಯೂ ಚೆನ್ನಾಗಿರಬೇಕು, ಯಾಕೆಂದರೆ ಈ ಕಾಗದ ಓದಿ ಮುಗಿಸುವುದಕ್ಕೆ ಮೈಯಲ್ಲಿ ಸ್ವಲ್ಪ ಶಕ್ತಿ ಬೇಕಾಗುತ್ತದೆ. ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮೂರು ಸಲ ಬರೆದೆ, ಮೂರು ಸಲ ಹರಿದು ಹಾಕಿದೆ. ಮೊದಲನೆಯದರಲ್ಲಿ ಬೈಗುಳ ಜಾಸ್ತಿಯಾಯಿತು. ಎರಡನೆಯದರಲ್ಲಿ ಕಡಿಮೆಯಾಯಿತು. ಮೂರನೆಯದನ್ನು ನಿನ್ನ ಭಾವ ಓದಿ, "ಇದೇನೇ, ಕೋರ್ಟಿನ ನೋಟೀಸ್ ಇದ್ದ ಹಾಗಿದೆ" ಎಂದರು. ಇದು ನಾಲ್ಕನೆಯದು. ಇದನ್ನು ಹರಿಯುವುದಿಲ್ಲ.

ಹಳೇ ಮನೆ ಕೊಂಡದ್ದು ಕೇಳಿ ನಿಜವಾಗಿಯೂ ಸಂತೋಷವಾಯಿತು. ಮುಂಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ, ಅಡುಗೆಮನೆಯ ಕಪಾಟು ಒಂದು ಕಡೆ ಜೋತುಬಿದ್ದಿದೆ, ಒಳಕೋಣೆಯ ನೆಲದ ಹಲಗೆ ಕಾಲಿಟ್ಟರೆ ಕಿರುಗುಟ್ಟುತ್ತದೆ ಎಂದು ಬರೆದಿದ್ದೀಯ. ಇವೆಲ್ಲ ವಾಸಿಯಾಗುವ ಕಾಯಿಲೆಗಳೇ. ಕೆಲಸದವರನ್ನು ಕರೆಸದೆ ರಜೆಯ ದಿನಗಳಲ್ಲಿ ನೀನೇ ಮಾಡುತ್ತೇನೆ ಎಂದದ್ದೂ ಒಳ್ಳೆಯದೇ. ಅಲ್ಲಿಯವರೆಗೆ ನಗುತ್ತಲೇ ಓದಿದೆ. ಆಮೇಲೆ ಈ ಸಾಲು ಬಂತು: "ಯಾವ ಸಾಮಾನು ತಗೊಳ್ಳಲಿ ಅಂತ ಒಂದು ಪಟ್ಟಿ ಕಳಿಸಕ್ಕಾ. ಅಪ್ಪನ ಹತ್ತಿರ ಓಡಾಡ್ಕೊಂಡಿದ್ದೆಯಲ್ಲ, ನಿಂಗೂ ಸ್ವಲ್ಪ ಗೊತ್ತಿರುತ್ತೆ."

ಸ್ವಲ್ಪ!

ಒಂಬತ್ತನೇ ವಯಸ್ಸಿನಿಂದ ಮೂವತ್ತೆರಡರವರೆಗೆ ಅಪ್ಪನ ಉದ್ದ ಗರಗಸದ ಇನ್ನೊಂದು ತುದಿ ಎಳೆದವಳು ನಾನು. ನೀನು ಅಂಗಿಯ ಜೇಬಿನ ತುಂಬ ಮೊಳೆ ತುಂಬಿಕೊಂಡು ಶೆಡ್ಡಿನಿಂದ ಓಡಿಹೋಗುತ್ತಿದ್ದೆ, ಅದಕ್ಕೇ ನಿನಗೆ ಮೊಳೆರಾಯ ಎಂದು ಹೆಸರಿಟ್ಟೆ. ಅದರಲ್ಲಿ ಒಂದೇ ಒಂದು ಮೊಳೆಯನ್ನೂ ನೀನು ಮರಕ್ಕೆ ಹೊಡೆದದ್ದು ಯಾರೂ ನೋಡಿಲ್ಲ. ಹನ್ನೊಂದು ವರ್ಷದಿಂದ ಈ ಊರಿನ ಅರ್ಧ ಬಾಗಿಲು ಕಿಟಕಿ ನನ್ನ ಕೈಯಲ್ಲಿ ಆಗಿವೆ. ಇದು ಓಡಾಡಿಕೊಂಡು ಬರುವ ವಿದ್ಯೆಯಲ್ಲ ಕಣೋ.

ಆದರೂ ಕೇಳಿದ್ದೀಯಲ್ಲ, ಕೇಳಿದವನು ತಮ್ಮ. ಹೋದ ಶನಿವಾರ ನಿನ್ನ ಭಾವನನ್ನು ಕರೆದುಕೊಂಡು ಸಾಮಾನಿನ ಅಂಗಡಿಗೆ ಹೋದೆ. ನನ್ನ ಮಷೀನುಗಳೆಲ್ಲ ಹಳೆಯವು, ಈಗ ಏನೇನು ಬಂದಿದೆ ಎಂದು ಕೈಯಲ್ಲಿ ಹಿಡಿದು ನೋಡಿಯೇ ನಿನಗೆ ಬರೆಯೋಣ ಎಂದುಕೊಂಡಿದ್ದೆ. ನಾವು ಒಳಗೆ ಕಾಲಿಟ್ಟೆವೋ ಇಲ್ಲವೋ, ಅಂಗಡಿಯವನು ನನ್ನನ್ನು ದಾಟಿ ನಿನ್ನ ಭಾವನನ್ನು ನೋಡಿ, "ಬನ್ನಿ ಯಜಮಾನ್ರೇ, ನಿಮ್ಗೆ ಗೋಡೆ ಕೊರೆಯೋ ಮಷೀನ್ ಬೇಕಾ, ಮರ ಕೊರೆಯೋದಾ?" ಎಂದ. ನಿನ್ನ ಭಾವ ಜೀವಮಾನವಿಡೀ ಬಟ್ಟೆ ಹೊಲಿದ ಮನುಷ್ಯ. "ನಾನು ಕೊರೆಯೋದು ಬಾಯಲ್ಲಿ ಮಾತ್ರ, ಸಾಮಾನು ಇವಳನ್ನ ಕೇಳಿ" ಎಂದರು. ಅಂಗಡಿಯವನು ನಕ್ಕ. ತಮಾಷೆ ಎಂದುಕೊಂಡು ಮತ್ತೆ ಅವರ ಕೈಗೇ ಡ್ರಿಲ್ ಕೊಟ್ಟ.

ನಾನು ಅದನ್ನು ಕಿತ್ತುಕೊಂಡು, ಇದ್ದುದರಲ್ಲಿ ಉದ್ದನೆಯ ಬಿಟ್ ಒಂದನ್ನು ಅದರ ಮೂತಿಗೆ ಸಿಕ್ಕಿಸಿ, ನಿಧಾನ ಓಡಿಸಿದೆ. ಬಿಟ್ಟಿನ ತುದಿ ಸುಮ್ಮನೆ ಒಂದೇ ಕಡೆ ನಿಂತು ತಿರುಗಬೇಕು. ಇದು ಬಳುಕುತ್ತಿತ್ತು.

"ಇದರ ತುದಿ ಕುಣೀತಿದೆ. ಬೇರೆ ತೆಗೀರಿ."

"ಹೊಸ ಮಾಲು ಹಾಗೇ ಇರುತ್ತಮ್ಮ. ಬಳಸ್ತಾ ಬಳಸ್ತಾ ಸರಿಹೋಗುತ್ತೆ."

"ಮೂವತ್ತು ವರ್ಷದಿಂದ ಬಳಸ್ತಿದ್ದೀನಪ್ಪ. ಕುಣಿಯೋದು ಯಾವುದೂ ಬಳಸ್ತಾ ಸರಿಹೋಗಿಲ್ಲ."

ಆಮೇಲೆ ರಸಮಟ್ಟ ತೆಗೆಸಿದೆ, ಅದೇ, ಗಾಜಿನ ಕೊಳವೆಯೊಳಗೆ ಗುಳ್ಳೆ ಇರುತ್ತದಲ್ಲ. ಐದು ತೆಗೆಸಿದೆ. ಒಂದೊಂದನ್ನೂ ಅವನ ಗಾಜಿನ ಮೇಜಿನ ಮೇಲಿಟ್ಟು ಗುಳ್ಳೆ ಎಲ್ಲಿ ನಿಂತಿತು ಎಂದು ನೋಡಿ, ಹಿಂದುಮುಂದು ತಿರುಗಿಸಿ ಅದೇ ಜಾಗದಲ್ಲಿಟ್ಟು ಮತ್ತೆ ನೋಡಿದೆ. ಒಳ್ಳೆಯದಾದರೆ ಎರಡು ಸಲವೂ ಗುಳ್ಳೆ ಮೇಜಿನ ಒಂದೇ ಕಡೆಗೆ ಸರಿದು ನಿಲ್ಲಬೇಕು. ಐದರಲ್ಲಿ ಮೂರು ಸುಳ್ಳು ಹೇಳಿದವು. ಸರಿಯಾಗಿದ್ದ ಎರಡೂ ಅವನ ಮೇಜೇ ಎಡಕ್ಕೆ ವಾಲಿದೆ ಎಂದವು. ಅದನ್ನೂ ಅವನಿಗೆ ಹೇಳಿಯೇ ಬಂದೆ.

ಹೊರಡುವಾಗ ಅವನು ಸಾಮಾನು ಕಟ್ಟಿ ನಿನ್ನ ಭಾವನ ಕೈಗಿಟ್ಟು, "ಯಜಮಾನ್ರೇ, ಸಾಮಾನು ಆರಿಸೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಬಿಡಿ" ಎಂದ. ದಾರಿಯುದ್ದಕ್ಕೂ ನಿನ್ನ ಭಾವನಿಗೆ ನಗು ತಡೆಯಲಾಗಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಈಗ ಪಟ್ಟಿ. ಗಮನವಿಟ್ಟು ಓದು, ಎರಡನೇ ಸಲ ಹೇಳುವುದಿಲ್ಲ.

ನೀನು ಕಾಗದದಲ್ಲಿ ಕೇಳಿದ ಆ ನೂರೆಂಟು ಸಾಮಾನಿರುವ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ದಯವಿಟ್ಟು ಮುಟ್ಟಬೇಡ. ಅದರಲ್ಲಿ ನೂರೆಂಟು ಇರುವುದು ನಿಜ, ಕೆಲಸಕ್ಕೆ ಬರುವುದು ಆರು. ಆ ಆರೂ ಮೊದಲನೇ ಬಿಗಿ ತಿರುಪಿಗೇ ಮೂತಿ ಸವೆಸಿಕೊಂಡು ಕೂರುತ್ತವೆ. ಬೇಕಾದ್ದನ್ನು ಒಂದೊಂದಾಗಿ ತೆಗೆದುಕೋ, ಒಂದು ಕೆಲಸ ಶುರು ಮಾಡಿದಾಗ ಆ ಕೆಲಸಕ್ಕೆ ಬೇಕಾದ್ದನ್ನು ಮಾತ್ರ. ಮೊದಲು ಬಾಗಿಲು ಸರಿಮಾಡು, ಅದು ಏನು ಬೇಡುತ್ತದೆ ಎಂದು ಅದೇ ಹೇಳುತ್ತದೆ.

ಡ್ರಿಲ್ ಒಂದು ಬೇಕೇ ಬೇಕು. ಗೋಡೆಗೂ ಮರಕ್ಕೂ ಆಗುವಂಥದ್ದು, ಗುಂಡಿ ಒತ್ತಿದಷ್ಟೂ ವೇಗ ಏರುವಂಥದ್ದು, ಒತ್ತಿದ ಕೂಡಲೇ ಹುಚ್ಚು ಹಿಡಿದಂತೆ ಓಡುವಂಥದ್ದಲ್ಲ. ಕೈಯಲ್ಲಿ ಹಿಡಿದು ತೋಳು ಚಾಚಿ ನೂರು ಎಣಿಸಿ ನೋಡು. ಎಣಿಸುವಷ್ಟರಲ್ಲಿ ಮಣಿಕಟ್ಟು ನೋವು ಬಂದರೆ ಅದು ನಿನ್ನದಲ್ಲ. ನೀನು ತಿಂಗಳಿಗೆ ನಾಲ್ಕು ದಿನ ಕೆಲಸ ಮಾಡುವವನು, ಬ್ಯಾಟರಿಯದು ಸುಮ್ಮನೆ ಕೂತೇ ಸಾಯುತ್ತದೆ, ತಂತಿಯದೇ ಇರಲಿ. ಮಷೀನಿನಲ್ಲಿ ಸ್ವಲ್ಪ ಹಿಂದುಮುಂದಾದರೂ ಬಿಟ್ಟುಗಳಲ್ಲಿ ಜಿಪುಣತನ ಮಾಡಬೇಡ, ಕೊರೆಯುವುದು ಅವು. ಮರಕ್ಕೆ ಬೇರೆ, ಗೋಡೆಗೆ ಬೇರೆ. ಗೋಡೆಯದನ್ನು ಮರಕ್ಕೆ ಹಾಕಿ ಹೊಗೆ ಎಬ್ಬಿಸಿ ಆಮೇಲೆ ನನಗೆ ಬರೆಯಬೇಡ.

ಉಪ್ಪುಕಾಗದ ಕಟ್ಟಿ ಉಜ್ಜುವ ಮಷೀನ್ ಒಂದಿದ್ದರೆ ಕಪಾಟಿನ ಹಳೇ ಬಣ್ಣ ಒಂದೇ ದಿನಕ್ಕೆ ಹೋಗುತ್ತದೆ. ದೂಳು ಹಿಡಿಯುವ ಚೀಲ ಇರುವುದನ್ನೇ ಕೇಳು, ಮೂಗಿಗೆ ಬಟ್ಟೆ ಕಟ್ಟು. ಹಲಗೆ ಕೊಯ್ಯುವ ವಿದ್ಯುತ್ ಗರಗಸ ಬಾಡಿಗೆಗೆ ತಂದರೆ ಸಾಕು. ಬಾಡಿಗೆಯದಕ್ಕೂ ಹಲ್ಲುಚಕ್ರದ ಮೇಲಿನ ಮುಚ್ಚಳ ತಾನಾಗಿ ಕೆಳಗೆ ಬೀಳುತ್ತದೆಯೇ ಎಂದು ನೋಡು. ಮುಚ್ಚಳಕ್ಕೆ ದಾರ ಕಟ್ಟಿ ಮೇಲೆತ್ತಿಟ್ಟಿದ್ದರೆ ಅಲ್ಲೇ ಬಿಟ್ಟು ಬಾ. ಕಬ್ಬಿಣ ಕತ್ತರಿಸುವ ಚಕ್ರದ ಮಷೀನ್ ಬೇಡವೇ ಬೇಡ. ಕನ್ನಡಕದ ಅಂಗಡಿಯಿಟ್ಟವನಿಗೆ ಕಣ್ಣಿನ ಬೆಲೆ ನಾನು ಹೇಳಬೇಕಾಗಿಲ್ಲ.

ರಸಮಟ್ಟ ಕೊಳ್ಳಬೇಡ. ಅಂಗಡಿಯಲ್ಲಿ ನಿಜ ಹೇಳಿದ ಎರಡರಲ್ಲಿ ಒಂದನ್ನು ನಿನಗೇ ತಂದಿದ್ದೇನೆ, ನಾಳೆ ಪಾರ್ಸೆಲ್ ಮಾಡುತ್ತೇನೆ. ಹೊಸ ಮನೆಗೆ ಅಕ್ಕನ ಕಡೆಯಿಂದ ಎಂದಿಟ್ಟುಕೋ.

ಇನ್ನು ಕೈಸಾಮಾನು. ಗರಗಸ, ಉಳಿ, ಸುತ್ತಿಗೆ, ಉಜ್ಜುಗೊರಡು, ಬೈರಿಗೆ. ಈ ಸಾಲಿಗೆ ಬಂದಾಗಲೇ ಮೂರು ಸಲವೂ ನನ್ನ ಪೆನ್ನು ನಿಂತದ್ದು. ಇವನ್ನೂ ಪಟ್ಟಿ ಮಾಡು ಎನ್ನುತ್ತೀಯಲ್ಲ ಮಹಾರಾಯ, ಅಪ್ಪನ ಪೆಟ್ಟಿಗೆಯೇ ನಿನ್ನ ಮನೆಯಲ್ಲಿದೆಯಲ್ಲ! ಅಂಥ ಉಳಿ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಿನ್ನ ಕಾಗದ ಬಂದ ದಿನ ಹಾಗೆಂದುಕೊಂಡೇ ಲಕೋಟೆಯಲ್ಲಿದ್ದ ಫೋಟೋ ತೆಗೆದು ನೋಡಿದೆ.

ತಮ್ಮಾ, ಆ ಫೋಟೋ ನೋಡಿ ನಾನು ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಿನ್ನ ಹಾಲಿನ ಗೋಡೆಯ ಮೇಲೆ ಕರಿಬಟ್ಟೆ ಹೊದಿಸಿದ ಹಲಗೆ. ಅದರ ಮೇಲೊಂದು ದೀಪ. ಉದ್ದ ಗರಗಸ ಮಧ್ಯದಲ್ಲಿ, ಏಳು ಉಳಿಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡು, ಅತ್ತ ಉಜ್ಜುಗೊರಡು, ಇತ್ತ ಬೈರಿಗೆ, ಕೆಳಗೆ ಎರಡು ಸುತ್ತಿಗೆ, ಒಂದು ದೊಡ್ಡದು, ಒಂದು ಚಿಕ್ಕದು. ಎಲ್ಲಕ್ಕೂ ಚಿನ್ನದ ಬಣ್ಣ! ಹಿಡಿಗೆ, ಅಲಗಿಗೆ, ಗರಗಸದ ಒಂದೊಂದು ಹಲ್ಲಿಗೂ. ಹಲಗೆಗೆ ಕಚ್ಚಿಕೊಂಡಿರಲಿ ಎಂದು ಉಳಿಗಳ ಹಿಡಿಯ ನಡುಮಧ್ಯಕ್ಕೆ ಸ್ಕ್ರೂ ಹೊಡೆಸಿದ್ದೀಯ. ಮೇಲ್ಗಡೆ ಹಿತ್ತಾಳೆ ಅಕ್ಷರದಲ್ಲಿ "ಅಪ್ಪನ ಕೈಗಳು".

ಫೋಟೋದ ಹಿಂದೆ ಬರೆದಿದ್ದೀಯ: "ಬಂದೋರೆಲ್ಲ ಮೊದಲು ಇದನ್ನೇ ನೋಡ್ತಾರಕ್ಕ. ಅಪ್ಪ ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರೋ. ಆ ಚಿಕ್ಕ ಸುತ್ತಿಗೆ ನೋಡು, ಎಷ್ಟು ಮುದ್ದಾಗಿದೆ. ಅಪ್ಪ ಅದರಲ್ಲಿ ಏನು ಮಾಡ್ತಿದ್ರೋ ಏನೋ!"

ಅಪ್ಪ ಇದ್ದಿದ್ದರೆ ನಿನ್ನ ಕಿವಿ ಹಿಡಿದು ಆ ಹಲಗೆಯ ಮುಂದೆ ನಿಲ್ಲಿಸುತ್ತಿದ್ದರು. ಉಜ್ಜುಗೊರಡನ್ನು ಮಗ್ಗುಲಿಗೆ ಮಲಗಿಸದೆ ನೆಟ್ಟಗೆ ಇಟ್ಟರೆ ಅಲಗು ಮೊಂಡಾಗುತ್ತದೆಂದು ಊಟದ ತಟ್ಟೆ ಬಿಟ್ಟು ಏಳುತ್ತಿದ್ದ ಮನುಷ್ಯ ಅವರು. ಕೆಲಸ ಮಾಡುವ ಸಾಮಾನಿಗೆ ಬಣ್ಣ ಬಳಿದು ತೂಗುಹಾಕಿ, ಕೆಲಸಕ್ಕೆ ಬೇರೆ ಸಾಮಾನು ಯಾವುದು ಕೊಳ್ಳಲಿ ಎಂದು ಕೇಳುತ್ತೀಯಲ್ಲ, ನಿನಗೆ ಏನೆನ್ನಲಿ? ಊರಿಗೆಲ್ಲ ಕನ್ನಡಕ ಕೊಡುವವನು ನಿನಗೊಂದು ಇಟ್ಟುಕೊಳ್ಳಬಾರದಿತ್ತೇ? ನೀನು ಪ್ರೀತಿಯಿಂದಲೇ ಮಾಡಿದ್ದೀಯ, ನನಗೆ ಗೊತ್ತು. ಅದಕ್ಕೇ ಇನ್ನೂ ಸಿಟ್ಟು. ದ್ವೇಷದಿಂದ ಮಾಡಿದ್ದರೆ ಎರಡು ಮಾತಿನಲ್ಲಿ ಮುಗಿಸುತ್ತಿದ್ದೆ.

ಆ ಉಳಿಗಳ ಅಲಗು ಹೇಗಿತ್ತು ಗೊತ್ತೇನೋ ನಿನಗೆ? ನನಗೆ ಗೊತ್ತು. ಕೊನೆಯ ಸಲ ಸಾಣೆ ಹಿಡಿದವಳು ನಾನು. ಕೈ ನಡುಗುವುದು ಹೆಚ್ಚಾಗಿ ಅಪ್ಪ ಶೆಡ್ಡು ಮುಚ್ಚುತ್ತೇನೆ ಎಂದ ವಾರ ನನ್ನನ್ನು ಕರೆದು, "ಎಲ್ಲಾನೂ ಒಂದ್ಸಲ ಸಾಣೆ ಹಿಡಿದು, ಎಣ್ಣೆ ಒರೆಸಿ ಪೆಟ್ಟಿಗೆಗೆ ಹಾಕಮ್ಮ. ಕೊಡೋ ಸಾಮಾನು ಚೊಕ್ಕವಾಗಿರ್ಬೇಕು" ಎಂದರು. ಯಾರಿಗೆ ಎಂದು ಅವರು ಹೇಳಲಿಲ್ಲ. ಯಾರಿಗೆ ಎಂದು ಕೇಳುವುದು ನನಗೂ ಹೊಳೆಯಲಿಲ್ಲ. ಇಪ್ಪತ್ತಮೂರು ವರ್ಷ ಗರಗಸದ ಆ ತುದಿಯಲ್ಲಿ ಇನ್ಯಾರಿದ್ದರು? ಮೂರು ದಿನ ಕೂತು ಸಾಣೆ ಹಿಡಿದೆ. ಒಂದೊಂದು ಉಳಿಯನ್ನೂ ಮುಂಗೈಯ ಕೂದಲು ಬೋಳಾಗುವಷ್ಟು ಹರಿತ ಮಾಡಿದೆ. ಗರಗಸದ ಹಲ್ಲುಗಳನ್ನು ಅರದಿಂದ ಒಂದೊಂದಾಗಿ ತಿಕ್ಕಿದೆ. ಕೆಲಸ ಮಾಡುತ್ತ ಹಾಡಿಕೊಳ್ಳುತ್ತಿದ್ದೆ ಎಂದು ನಿನ್ನ ಭಾವ ಈಗಲೂ ಹೇಳುತ್ತಾರೆ.

ಆ ಭಾನುವಾರ ನೀನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದೆ. ಎಲ್ಲರೆದುರು ಅಪ್ಪ ಹೇಳಿದರು: "ಪೆಟ್ಟಿಗೆ ಅವನಿಗೆ. ಗಂಡುಮಗ, ಅವನ ಮನೇಲಿರ್ಲಿ."

ನೀನು ಅಂದದ್ದು ನೆನಪಿದೆಯೇ? "ಅಯ್ಯೋ, ಇದು ಎಷ್ಟು ಭಾರ ಇದೆಯಪ್ಪಾ!" ಪೆಟ್ಟಿಗೆಗೆ ಎರಡು ಕಡೆ ಹಿಡಿ ಇತ್ತು. ಒಂದು ನೀನು ಹಿಡಿದೆ, ಇನ್ನೊಂದು ನಾನು ಹಿಡಿದೆ. ನಿನ್ನ ಗಾಡಿಗೆ ಏರಿಸಿಕೊಟ್ಟು ಒಳಗೆ ಬಂದು ಪಾತ್ರೆ ತೊಳೆದೆ. ನನ್ನ ಮೊದಲ ಸ್ವಂತ ಉಳಿ ಕೊಂಡದ್ದು ಅದಾದ ಮೂರು ತಿಂಗಳಿಗೆ. ಈಗ ನನ್ನ ಗೋಡೆಯಲ್ಲಿ ಹನ್ನೆರಡಿವೆ. ಒಂದಕ್ಕೂ ಚಿನ್ನದ ಬಣ್ಣ ಇಲ್ಲ.

ನಿನ್ನ ಮೇಲಿನ ಸಿಟ್ಟು ಇನ್ನೆರಡು ದಿನಕ್ಕೆ ಇಳಿದೀತು. ಅಪ್ಪನ ಮೇಲಿನದನ್ನು ಎಲ್ಲಿ ಇಳಿಸಲಿ? ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎನ್ನುತ್ತಾರೆ. ಹಾಗೆನ್ನುವವರು ಯಾರೂ ಮೂರು ದಿನ ಉಳಿ ಸಾಣೆ ಹಿಡಿದು ಬೇರೆಯವರಿಗೆ ಕೊಟ್ಟವರಲ್ಲ.

ಆಗಲಿ. ಈಗ ಮಾಡಬೇಕಾದ್ದು ಹೇಳುತ್ತೇನೆ. ಹಲಗೆ ಕೆಳಗಿಳಿಸು. ಸ್ಕ್ರೂಗಳನ್ನು ಸುತ್ತಿಗೆಯ ಹಿಂಬದಿಯಿಂದ ಮೀಟಬೇಡ, ಹಿಡಿ ಸೀಳುತ್ತದೆ. ಮೂತಿಗೆ ಸರಿಹೊಂದುವ ಸ್ಕ್ರೂಡ್ರೈವರ್ ಹಾಕಿ ಒತ್ತಿ ಹಿಡಿದು ತಿರುಗಿಸು. ಉಕ್ಕಿನ ಮೇಲಿನ ಬಣ್ಣ ಥಿನ್ನರ್ ಬಟ್ಟೆಗೆ ಬರುತ್ತದೆ, ಕಿಟಕಿ ತೆರೆದಿಟ್ಟುಕೊಂಡು ಒರೆಸು. ಮರದ ಹಿಡಿಗಳನ್ನು ಮುಟ್ಟಬೇಡ. ಎರಡು ದಿನ ಅಂಗಡಿ ಮುಚ್ಚಿ ಎಲ್ಲವನ್ನೂ ತೆಗೆದುಕೊಂಡು ಇಲ್ಲಿಗೆ ಬಾ. ಸಾಣೆ ಹಿಡಿಯುವುದನ್ನು ಕಲಿಸುತ್ತೇನೆ. ಒಂದು ಉಳಿ ನೀನೇ ಹರಿತ ಮಾಡುವವರೆಗೂ ಊಟ ಹಾಕುವುದಿಲ್ಲ, ನಿನ್ನ ಭಾವ ಎಷ್ಟು ಮಧ್ಯಸ್ಥಿಕೆ ಮಾಡಿದರೂ ಸರಿ. ಆಮೇಲೆ ನಿನ್ನ ಸಾಮಾನು ನೀನು ತೆಗೆದುಕೊಂಡು ಹೋಗು. ಅಪ್ಪ ನಿನಗೆ ಕೊಟ್ಟದ್ದು, ನಿನ್ನದೇ. ಅದರಲ್ಲಿ ನಿನ್ನ ಮುಂಬಾಗಿಲು ಸರಿಮಾಡಿದರೆ ಸಾಕು.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಹಲಗೆ ಇಳಿಸಿದ ಜಾಗ ಬೋಳಾಗಿ ಕಂಡರೆ ಬೇಜಾರು ಮಾಡಿಕೊಳ್ಳುವುದು ಬೇಡ, ಅಲ್ಲಿಗೆ ಒಂದು ಒಳ್ಳೆಯ ಕಪಾಟು ನಾನೇ ಮಾಡಿಕೊಡುತ್ತೇನೆ. ಹೊಸ ಮನೆಯಲ್ಲಿ ನಿಮ್ಮಿಬ್ಬರ ಸಂಸಾರ ತಣ್ಣಗಿರಲಿ, ನಿನ್ನ ಹತ್ತು ಬೆರಳೂ ಹತ್ತಾಗಿಯೇ ಉಳಿಯಲಿ.

ನಿನ್ನನ್ನು ಬೈಯುವ ಹಕ್ಕಿರುವ ಒಬ್ಬಳೇ
ಅಕ್ಕ

ತಾ. ಕ.: ಸೋಮವಾರ ಬೆಳಗ್ಗೆ. ಲಕೋಟೆ ಅಂಟಿಸುವ ಮೊದಲು ನಿನ್ನ ಭಾವ ಕಾಗದ ಕೇಳಿ ತೆಗೆದುಕೊಂಡು ಓದಿದರು. ಅವರ ಕತ್ತರಿಯಲ್ಲಿ ಯಾರಾದರೂ ಕಾಗದ ಕತ್ತರಿಸಿದರೆ ಎರಡು ದಿನ ಮಾತು ಬಿಡುವ ಮನುಷ್ಯ, ಹಾಗಾಗಿ ಬೈಗುಳಕ್ಕೆಲ್ಲ ತಲೆಯಾಡಿಸಿದರು. ಕೊನೆಗೆ, "ಇಷ್ಟು ಬರೆದಿದ್ದೀಯ, ಸುತ್ತಿಗೆ ಮಾತೇ ಇಲ್ವಲ್ಲೇ" ಎಂದರು. "ಅದೇನು ದೊಡ್ಡ ವಿಷಯ ಬಿಡ್ರೀ" ಎಂದೆ. "ಹನ್ನೊಂದು ವರ್ಷದಿಂದ ನಂಗೆ ಹೇಳ್ತಿದ್ದೀಯ. ಅವನಿಗೂ ಒಂದ್ಸಲ ಹೇಳು" ಎಂದರು.

ಆ ಚಿಕ್ಕ ಸುತ್ತಿಗೆಯಲ್ಲಿ ಅಪ್ಪ ಏನೂ ಮಾಡುತ್ತಿರಲಿಲ್ಲ. ಅದು ಅಪ್ಪನದಲ್ಲ, ನನ್ನದು. ಒಂಬತ್ತು ವರ್ಷದ ನನ್ನ ಕೈಗೆ ಸರಿಹೋಗಲಿ ಎಂದು ಅಪ್ಪ ಹಿಡಿಯನ್ನು ಕತ್ತರಿಸಿ, ಕೆತ್ತಿ, ನನ್ನ ಮುಷ್ಟಿಗೆ ಇಟ್ಟು ನೋಡಿ, ಮತ್ತೆ ಕೆತ್ತಿ ಮಾಡಿಕೊಟ್ಟದ್ದು. ಎರಡೂ ಕೈ ಬೇಕಾದಾಗ ನಾನದನ್ನು ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದೆ. ಹಿಡಿಯ ಬುಡದಲ್ಲಿ ಬೆರಳಾಡಿಸಿ ನೋಡು, ಆ ಚಿನ್ನದ ಬಣ್ಣದ ಕೆಳಗೆ ನನ್ನ ಹಲ್ಲಿನ ಗುರುತು ಸಿಗುತ್ತದೆ.

ಅದು ನಿನ್ನ ಪೆಟ್ಟಿಗೆಗೆ ಹೇಗೆ ಬಂತು ಎಂದು ನೀನು ಯಾವತ್ತೂ ಕೇಳಲಿಲ್ಲ. ನಾನೇ ಇಟ್ಟದ್ದು. ಸಾಣೆ ಹಿಡಿದ ಮೂರನೇ ದಿನ, ಹೇಗಿದ್ದರೂ ಪೆಟ್ಟಿಗೆ ನನ್ನ ಮನೆಗೇ ಬರುವುದಲ್ಲ, ಒಟ್ಟಿಗೇ ಇರಲಿ ಎಂದು ಎಲ್ಲದರ ಮೇಲೆ ಅದನ್ನಿಟ್ಟೆ. ಭಾನುವಾರ ನಿನಗೆ ಕೊಡುವ ಮೊದಲು ಅಪ್ಪ ಮುಚ್ಚಳ ತೆರೆದು ನೋಡಿದರು. ಸುತ್ತಿಗೆ ಮೇಲೆಯೇ ಇತ್ತು. ಅದನ್ನು ನೋಡಿದರು, ತಲೆಯೆತ್ತಿ ನನ್ನನ್ನು ನೋಡಿದರು. ನಾನು ಏನೆಂದುಕೊಂಡಿದ್ದೆ ಎಂಬುದು ಅವರಿಗೆ ಆ ಕ್ಷಣದಲ್ಲಿ ಗೊತ್ತಾಯಿತು ತಮ್ಮಾ, ನಾನದನ್ನು ಅವರ ಮುಖದಲ್ಲಿ ಕಂಡೆ. ಗೊತ್ತಾಗಿಯೂ ಮುಚ್ಚಳ ಮುಚ್ಚಿದರು. ಎಲ್ಲರೆದುರು ಕೈಹಾಕಿ ತೆಗೆದುಕೊಳ್ಳಲು ನನಗೆ ನಾಚಿಕೆಯಾಯಿತು.

ಉಳಿದದ್ದೆಲ್ಲ ನೀನು ಬರುವಾಗ ತಾ. ಸುತ್ತಿಗೆಗೆ ಕಾಯುವುದು ನನ್ನಿಂದಾಗದು. ರಸಮಟ್ಟ ಬಂದ ಡಬ್ಬಿಯಲ್ಲೇ ಹಾಕಿ ಕಳಿಸು. ಬಣ್ಣ ತೆಗೆಯಲು ಹೋಗಬೇಡ, ಹಲ್ಲಿನ ಗುರುತನ್ನೂ ಹೆರೆದುಬಿಟ್ಟೀಯ. ಅದನ್ನು ನಾನೇ ತೆಗೆಯುತ್ತೇನೆ.